ಎರಡು ಊರಿನ ಗಡಿಯಾರ

ಸಂಜೆ ಐದು ಹೊಡೆದು ಹತ್ತು ನಿಮಿಷವಾದರೂ ಫೋನು ಬಡಿದುಕೊಳ್ಳಲಿಲ್ಲ. ಥಾರ್ನ್‌ಕ್ಲಿಫ್ ನಗರಸಭೆಯ ಮೇಲಂತಸ್ತಿನ ಕೋಣೆಯಲ್ಲಿ ಮ್ಯೂರಿಯಲ್ ಕೋಟಿನ ಗುಂಡಿಯನ್ನೂ ಬಿಚ್ಚದೆ ಅದರ ಮುಂದೆ ಕುಳಿತಿದ್ದಳು. ಮೇಜಿನ ಮೇಲೆ ಅವಳೇ ಮಾಡಿ ತಂದ ನಿಂಬೆ ಕೇಕು. ಗೋಡೆಯ ಮೇಲೆ ಎರಡು ಗಡಿಯಾರ: ಒಂದು ಇಂಗ್ಲೆಂಡಿನ ಈ ಊರಿನ ಹೊತ್ತು ತೋರಿಸಲು, ಇನ್ನೊಂದು ಅಮೆರಿಕದ ಕ್ರೆಸ್ಟನ್‌ವಿಲ್‌ನ ಹೊತ್ತು ತೋರಿಸಲು. ಸ್ನೇಹಕ್ಕಾಗಿ ಎರಡೂ ಊರು ಸೋದರಿ ನಗರಗಳೆಂದು ಸಹಿ ಬಿದ್ದು ಮೂವತ್ತೆಂಟು ವರ್ಷ. ಪ್ರತಿ ಮಾರ್ಚ್ ಇಪ್ಪತ್ತರಂದು, ಅಲ್ಲಿ ಮಧ್ಯಾಹ್ನ ಹನ್ನೆರಡಾಗುತ್ತಲೇ ಆ ಊರಿನ ಪರವಾಗಿ ವೆಂಡೆಲ್ ಫೋನು ಮಾಡಬೇಕು, ಇಲ್ಲಿ ಮ್ಯೂರಿಯಲ್‌ಳ ಗಂಡ ಎಡ್ಗರ್ ಎತ್ತಬೇಕು. ಅದೇ ವಾಡಿಕೆ.

ಎಡ್ಗರ್ ನವೆಂಬರ್ ಕೊನೆಗೆ ತೀರಿಕೊಂಡ. ಸುದ್ದಿ ತಿಳಿಸಲು ಮ್ಯೂರಿಯಲ್ ಮೂರು ಸಲ ಕಾಗದ ತೆಗೆದಿಟ್ಟುಕೊಂಡಳು. ಮೂರು ಸಲವೂ ಬರೆಯಲು ಕೈ ಬರಲಿಲ್ಲ. ವೆಂಡೆಲ್‌ಗೆ ಫೋನಿನಲ್ಲೇ ಹೇಳಿದರಾಯಿತು ಎಂದು ಸುಮ್ಮನಾದಳು. ಗಂಡ ಬಿಟ್ಟುಹೋದ ಕೆಲಸವೆಂದು ಅವಳ ಪಾಲಿಗೆ ಉಳಿದದ್ದು ಇದೊಂದೇ. ಪಾಪ, ಅದಕ್ಕೂ ಕುತ್ತು ಬಂದಿತ್ತು. ಈ ಸಲದ ಕರೆಯಲ್ಲಿ ಎರಡೂ ಕಡೆಯವರು ‘ಮುಂದುವರಿಸೋಣ’ ಎಂದರೆ ಸರಿ, ಇಲ್ಲದಿದ್ದರೆ ನಂಟು ಇಂದಿಗೇ ಮುಗಿಯಿತು ಎಂದು ಎರಡು ನಗರಸಭೆಗಳೂ ಠರಾವು ಮಾಡಿದ್ದವು.

“ಮರೆತಿರ್ಬೇಕು ಬಿಡಿ ಮೇಡಂ,” ಎಂದ ಗುಮಾಸ್ತ ನೈಜೆಲ್, ಬಾಗಿಲಿಗೆ ಒರಗಿಕೊಂಡು. “ಎಂಬತ್ತಾರು ವಯಸ್ಸಲ್ವಾ ಅವ್ರಿಗೆ?”

“ವೆಂಡೆಲ್ ಮರೆಯೋದಾ! ತನ್ನ ಮದುವೆ ದಿನ ಬೇಕಾದ್ರೆ ಮರೆತಾನು, ಇದನ್ನ ಮರೆಯಲ್ಲ. ನೀನು ಸುಮ್ನೆ ಕೇಕ್ ತಿನ್ನು.”

ನೈಜೆಲ್ ಒಂದು ತುಂಡು ಬಾಯಿಗೆ ಹಾಕಿಕೊಂಡವನು ಅಗಿಯುವುದನ್ನು ನಿಲ್ಲಿಸಿದ. “ನಾಲ್ಕು ಗಂಟೆಗೆ ಈ ಫೋನು ಬಡ್ಕೊಳ್ತಾ ಇತ್ತು ಮೇಡಂ. ಬಿಟ್ಟು ಬಿಟ್ಟು ನಾಲ್ಕು ಸಲ. ಯಾರೋ ವಿಮೆ ಮಾರೋರು ಅಂತ ನಾನು ಮೇಲೆ ಹತ್ತಲಿಲ್ಲ.”

“ನಾಲ್ಕಕ್ಕೆ ಅಲ್ಲಿ ಹನ್ನೊಂದು ಕಣಯ್ಯ. ಹನ್ನೊಂದಕ್ಕೆ ಅವನ್ಯಾಕೆ ಮಾಡ್ತಾನೆ?”

ನೈಜೆಲ್ ಮೊಬೈಲು ತೆಗೆದು ನೋಡಿದ. ಮತ್ತೊಮ್ಮೆ ನೋಡಿದ. “ಇಲ್ಲ ಮೇಡಂ. ಅಲ್ಲಿ ಈಗ ಒಂದೂ ಕಾಲು. ಬೇಸಿಗೆಗೆ ಅಂತ ಅವ್ರ ದೇಶದಲ್ಲಿ ಗಡಿಯಾರ ಆಗ್ಲೇ ಒಂದು ಗಂಟೆ ಮುಂದಕ್ಕೆ ಹಾಕ್ಬಿಟ್ಟಿದ್ದಾರೆ. ನಾವು ಹಾಕೋದು ಈ ತಿಂಗಳ ಕೊನೆಗೆ. ಅಲ್ಲಿಗೆ ನಮ್ಮ ನಾಲ್ಕೇ ಅವ್ರ ಹನ್ನೆರಡು.”

ಮ್ಯೂರಿಯಲ್ ತಲೆಯೆತ್ತಿ ನೋಡಿದಳು. ಗೋಡೆಯ ಅಮೆರಿಕ ಇನ್ನೂ ಹನ್ನೆರಡೂ ಕಾಲು ತೋರಿಸುತ್ತಿತ್ತು. ಸಂಜೆ ಚಹಾದ ಹೊತ್ತಿಗೆ ಕೇಕು ಹೊತ್ತು ಬರುವುದಷ್ಟೇ ಇಷ್ಟು ವರ್ಷ ಅವಳ ಕೆಲಸ, ಹೊತ್ತುಗೊತ್ತೆಲ್ಲ ಎಡ್ಗರನದು. ಮಾರ್ಚ್ ನಡುವೆ ಒಂದು ದಿನ ಅವನು “ಗಡಿಯಾರದ ಧೂಳು ಹೊಡೆದು ಬರ್ತೀನಿ” ಎಂದು ಒಬ್ಬನೇ ಇಲ್ಲಿಗೆ ಬರುತ್ತಿದ್ದ. “ಮನೇಲಿ ಒಂದು ದಿನ ಪೊರಕೆ ಹಿಡಿದೋನಲ್ಲ” ಎಂದು ಅವಳು ಗೇಲಿ ಮಾಡುತ್ತಿದ್ದಳು. ಅವನು ಬರುತ್ತಿದ್ದದ್ದು ಮುಳ್ಳು ತಿರುಗಿಸಲು ಎಂದು ಈಗ ತಿಳಿಯಿತು.

ತಾನೇ ನಂಬರು ಒತ್ತಿದಳು. ಎತ್ತಿದ್ದು ವೆಂಡೆಲ್‌ನ ಮಗಳು.

“ಅಪ್ಪ ಒಳ್ಳೆ ಕೋಟು ಹಾಕ್ಕೊಂಡು ನಾಲ್ಕು ಸಲ ಮಾಡಿದ್ರು ಆಂಟಿ. ಆಮೇಲೆ ಫೋನಿಟ್ಟು, ‘ಎಡ್ಗರ್ ಎತ್ತಲಿಲ್ಲ ಅಂದ್ರೆ ಎಡ್ಗರ್ ಇಲ್ಲ’ ಅಂದ್ರು. ನಗರಸಭೆಗೆ ಹೋಗಿ, ‘ನಂಟು ಮುಗಿಸ್ಬಿಡಿ’ ಅಂತ ಬರೆದುಕೊಟ್ಟು ಬಂದು ಮಲಗಿದ್ದಾರೆ. ಎಬ್ಬಿಸ್ಲಾ? ತಪ್ಪು ತಿಳ್ಕೊಂಡ್ರಿ ಅಂತ ಹೇಳ್ಲಾ?”

ಮ್ಯೂರಿಯಲ್ ಗೋಡೆಯ ಗಡಿಯಾರದತ್ತ ನೋಡಿದಳು.

“ಬೇಡಮ್ಮ. ಅವನು ಸರಿಯಾಗೇ ತಿಳ್ಕೊಂಡಿದ್ದಾನೆ.”

ಫೋನಿಟ್ಟು, “ಮುಗಿಸಿ ಅಂತ ವೆಂಡೆಲ್ ಬರೆದುಕೊಟ್ಟಾಯ್ತಂತೆ,” ಎಂದು ಸ್ಟೂಲು ಎಳೆದುಕೊಂಡಳು. ಸೊಂಟ ಹಿಡಿದುಕೊಂಡು ಮೇಲೆ ಹತ್ತಿದಳು.

“ಅಯ್ಯೋ, ಬಿದ್ದೀರಿ ಮೇಡಂ!” ನೈಜೆಲ್ ಓಡಿಬಂದು ಸ್ಟೂಲು ಹಿಡಿದ. “ನಾಳೆ ಹೇಗೂ ಇಳಿಸೋ ಗಡಿಯಾರ. ಅದಕ್ಕೀಗ ಏನ್ಮಾಡ್ತೀರಿ?”

ಅಮೆರಿಕದ ಮುಳ್ಳನ್ನು ಅವಳು ಮೆಲ್ಲಗೆ ಒಂದು ಗಂಟೆ ಮುಂದಕ್ಕೆ ತಿರುಗಿಸಿದಳು.

“ಧೂಳು ಹೊಡೀತಿದ್ದೀನಿ ಕಣಯ್ಯ.”