ಮರದ ತಾಯಿಯ ಮುಂದೆ

ಕಷ್ಟಪಟ್ಟು ಓದಿ ಸೇರಿದ ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಆಫೀಸಿನಲ್ಲಿ ನೆಲಕ್ಕೆ ಮೇಣದ ಪಾಲಿಶ್ ಹಾಕಿದ ದಿನ, ಆ ವಾಸನೆಗೆ ನನಗೆ ಈಗಲೂ ಅಮ್ಮನ ಬರಿಗಾಲು ನೆನಪಾಗುತ್ತದೆ.

ನಾನು ಶಾಲೆಗೆ ಹೋಗುತ್ತಿದ್ದಾಗ ನಾವು ಅದೇ ದೇಶದ ಮನುಕಾವ್‌ನಲ್ಲಿದ್ದೆವು. ಆ ವರ್ಷ ನನ್ನ ತಮ್ಮ ಹೊಟ್ಟೆಯಲ್ಲೇ ತೀರಿಕೊಂಡಿದ್ದ. ಅಮ್ಮ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಿದ್ದಳು. "ಜಾಗ ಬದಲಾದ್ರೆ ಮನಸ್ಸು ಹಗುರ ಆಗತ್ತೆ" ಎಂದು ಅಪ್ಪ ಫ್ಯಾಕ್ಟರಿಗೆ ರಜೆ ಹಾಕಿ ನಮ್ಮನ್ನು ಇಟಲಿಗೆ ಕರೆದೊಯ್ದ. ಅಮ್ಮ ಯಾವ ಮ್ಯೂಸಿಯಮ್ಮಿನಲ್ಲೂ ನಿಲ್ಲಲಿಲ್ಲ. ನಾನು ಚಿತ್ರ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ.

ಫ್ಲಾರೆನ್ಸಿನ ಚಿಕ್ಕ ಮ್ಯೂಸಿಯಮ್ಮೊಂದರಲ್ಲಿ, ಸತ್ತ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಯ ಮರದ ವಿಗ್ರಹವಿತ್ತು. ಅಮ್ಮ ಅದರ ಮುಂದೆ ಚಪ್ಪಲಿ ಬಿಟ್ಟು, ಪಾಲಿಶ್ ಮಾಡಿದ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತಳು. ಕಾವಲಿನ ಹೆಂಗಸು ಚಪ್ಪಲಿಯತ್ತ ಬೆರಳು ತೋರಿಸುತ್ತ ಬಂದಳು.

"ಅಮ್ಮಾ, ಪ್ಲೀಸ್, ಹಾಕ್ಕೋ. ದೇ ವಿಲ್ ಕಿಕ್ ಅಸ್ ಔಟ್," ಎಂದು ನಾನು ಅವಳ ಸೆರಗು ಎಳೆದೆ.

ಅಪ್ಪ ಆ ಹೆಂಗಸಿಗೆ "ಸಾರಿ, ಸಾರಿ" ಎನ್ನುತ್ತಲೇ ಅಮ್ಮನತ್ತ ತಿರುಗಿದ. "ಇದು ದೇವಸ್ಥಾನ ಅಲ್ಲ ಕಣೇ. ಆಚೆ ಕಳಿಸ್ತಾರೆ."

"ಕಳಿಸ್ಲಿ ಬಿಡಿ. ಇವಳಿಗಾದ್ರೂ ಮಗನ್ನ ಎತ್ಕೊಳ್ಳೋಕೆ ಕೊಟ್ರು," ಎಂದಳು ಅಮ್ಮ.

ಅಪ್ಪ ಬಗ್ಗಿ, ತನ್ನ ಶೂಗಳ ಲೇಸು ಬಿಚ್ಚತೊಡಗಿದ.