ಅಂಗೈ ಕೆಳಗಿನ ಅಂಗೈ

ಲಲಿತಾಬಾಯಿ ಕರಡಿಗೆಯಿಂದ ಇಷ್ಟಲಿಂಗ ತೆಗೆಯುತ್ತಿದ್ದಂತೆ, ಗಂಡ ಚನ್ನಬಸಪ್ಪ ತಮ್ಮ ಅಂಗೈಯನ್ನು ಅವಳ ಎಡಗೈ ಕೆಳಗೆ ಒಡ್ಡಿದರು. ಅವಳಿಗೆ ನಡುಕದ ಕಾಯಿಲೆ ಅಂಟಿಕೊಂಡಾಗಿನಿಂದ ಬಸವಕಲ್ಯಾಣದ ಆ ಮನೆಯಲ್ಲಿ ಪೂಜೆ ನಡೆದದ್ದೇ ಹಾಗೆ. ಲಿಂಗ ನೆಲಕ್ಕೆ ಬಿದ್ದೀತೆಂದು ಅವಳಿಗೆ ಜೀವಭಯ. ಅವಳದು ಮುಗಿದ ಮೇಲೆಯೇ ಅವರು ತಮ್ಮ ಪೂಜೆಗೆ ಕೂರುತ್ತಿದ್ದರು.

ನಿನ್ನೆ ಹೈದರಾಬಾದಿನ ಡಾಕ್ಟರು ಅವಳ ಎದೆಯ ಚರ್ಮದಡಿ ಕೂಡಿಸಿದ್ದ ಪುಟ್ಟ ಯಂತ್ರವನ್ನು ಚಾಲೂ ಮಾಡಿದ್ದರು. ಅದರ ತಂತಿ ಮಿದುಳಿನ ಆಳಕ್ಕೆ ಇಳಿದಿತ್ತು. ಕೈಕಾಲಿನ ಲಗಾಮು ಇರುವುದು ಅಲ್ಲೇ ಅಂತೆ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಧನಶ್ರೀಗೆ ಮೂರ್ಛೆರೋಗ. ಆ ಹುಡುಗಿಗೂ ಆಳದಲ್ಲೇ, ಬೇರೊಂದು ಜಾಗಕ್ಕೆ ತಂತಿ ಇಳಿಸಿದ್ದರು. ಯಂತ್ರ ಚಾಲೂ ಆಗಿದ್ದೇ ತಡ, ಲಲಿತಾಬಾಯಿಯ ಬೆರಳುಗಳು ತಣ್ಣಗೆ ನಿಂತುಬಿಟ್ಟವು. ನಡುಕ ಮರಳಿದರೆ ಗಾಬರಿಯಾಗಬೇಡಿ, ಕರೆಂಟು ಹೆಚ್ಚುಕಡಿಮೆ ಮಾಡೋಣ ಎಂದಿದ್ದರು ಡಾಕ್ಟರು.

ಊರಿಗೆ ಮರಳುವಾಗ ಬಸ್ಸು ಬದಲಿಸಲು ಹುಮನಾಬಾದಿನಲ್ಲಿ ಇಳಿದಾಗ ಲಲಿತಾಬಾಯಿ ತುಂಬಿದ ಲೋಟದ ಚಹಾವನ್ನು ಹನಿ ಚೆಲ್ಲದೆ ಕುಡಿದಳು. ಬೇಳೆ ವ್ಯಾಪಾರಿ ಚನ್ನಬಸಪ್ಪನವರ ಹಿಗ್ಗು ಹೇಳತೀರದು. ಮತ್ತೊಮ್ಮೆ ನೋಡುವ ಆಸೆಗೆ ಇನ್ನೊಂದು ಚಹಾ ತರಿಸಿದರು. ಗುರುತಿಲ್ಲದವರನ್ನೆಲ್ಲ ಹಿಡಿದು ನಿಲ್ಲಿಸಿ, ತಲೆಯೊಳಗಿನ ಆ ಜಾಗ ಒಂದು ತೊಗರಿಕಾಳಿನಷ್ಟಂತೆ ಎಂದು ವರದಿ ಒಪ್ಪಿಸಿದರು. ಲಲಿತಾಬಾಯಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಆದರೆ ಚಹಾ ಬೇರೆ, ಲಿಂಗ ಬೇರೆ. ಈಗ ಉಸಿರು ಬಿಗಿಹಿಡಿದು ಲಿಂಗವನ್ನು ಅಂಗೈಗಿಟ್ಟಳು. ಅಂಗೈ ಗಡಗಡ ನಡುಗಿತು.

"ಮತ್ತ ಶುರು ಆತೇನ್ರಿ ಇದು?"

ಅವಳು ಬಲಗೈಯನ್ನು ನೋಡಿಕೊಂಡಳು. ಅದು ಅಲುಗದೆ ನಿಂತಿತ್ತು. ಆಮೇಲೆ ಗಂಡನ ಮೊಣಕೈ ಕಡೆ ಕಣ್ಣು ಹೋಯಿತು.

"ನಿಮ್ಮ ಕೈ ತಗೀರಿ."

"ಬಿದ್ದಗಿದ್ದರ?"

"ನಡಗಾಕತ್ತಿದ್ದು ನಿಮ್ಮ ಕೈ ಅದರಿ, ನಂದಲ್ಲ. ತಗೀರಿ."

ಅವರು ಅಳುಕುತ್ತ ಕೈ ಹಿಂದಕ್ಕೆ ಎಳೆದುಕೊಂಡರು. ಲಿಂಗ ಅವಳ ಅಂಗೈಯ ನಡುವೆ ಕೂತಲ್ಲೇ ಕೂತಿತು. ಅವಳು ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಎಷ್ಟೋ ವರ್ಷಗಳ ಮೇಲೆ ಅಂಜಿಕೆಯಿಲ್ಲದೆ, ಕಣ್ತುಂಬ ಅದನ್ನೇ ನೋಡುತ್ತ ಕೂತಳು. ಅಳು ಬಂತು, ಅತ್ತಳು.

ಪೂಜೆ ಮುಗಿಯಿತು. ಈಗ ಚನ್ನಬಸಪ್ಪನವರ ಸರದಿ. ತಮ್ಮ ಲಿಂಗ ತೆಗೆಯಹೋದರೆ ಹಿಗ್ಗಿಗೆ ಕೈ ಇನ್ನೂ ಹತೋಟಿಗೆ ಬಂದಿರಲಿಲ್ಲ. ಕರಡಿಗೆಯ ಮುಚ್ಚಳ ಕಟಕಟ ಸದ್ದು ಮಾಡಿತು.

ಲಲಿತಾಬಾಯಿ ಹತ್ತಿರ ಸರಿದು, ತನ್ನ ಎಡಗೈಯನ್ನು ಅವರ ಅಂಗೈ ಕೆಳಗೆ ಒಡ್ಡಿದಳು.