ನೆಲ ಮುಟ್ಟುವ ಆಟಗಾರ

ಚಪ್ಪರಕೇರಿಯ ಹನ್ನೊಂದು ಹುಡುಗರ ಕಾಲಿನ ಆಟವನ್ನು ಫುಟ್‌ಬಾಲ್ ವಿಡಿಯೋ ಗೇಮಿನ ಕಂಪನಿ ತನ್ನ ಗೇಮಿನೊಳಕ್ಕೆ ಹೀರಿಕೊಂಡಿತು. ಆಮೇಲೆ ಅವರ್ಯಾರೂ ಎದ್ದು ನಿಲ್ಲಲಿಲ್ಲ.

ಅವರಲ್ಲೊಬ್ಬ ಅಮುದಾಳ ಅಣ್ಣ ದೊರೈ. ಊರಿನಲ್ಲಿ ಯಾರು ಗೇಮಿನಲ್ಲಿ ಆ ಹುಡುಗರ ತಂಡವನ್ನು ಆಡಿಸಿದರೂ ಮನೆಯ ಚಾಪೆಯ ಮೇಲೆ ಅವನ ತೊಡೆಗಳು ಅದುರುತ್ತಿದ್ದವು. ಅಮ್ಮ ಎಣ್ಣೆ ತಿಕ್ಕುತ್ತ ಕೂರುತ್ತಿದ್ದಳು. ಗೇಮಿನಲ್ಲಿ ಒಂದು ಕ್ಲಬ್ಬಿಗೆ, ಅಂದರೆ ಒಂದು ತಂಡಕ್ಕೆ, ಒಬ್ಬರೇ ಮ್ಯಾನೇಜರ್. ಅವರು ಗುಂಡಿ ಒತ್ತದೆ ಪಂದ್ಯ ಶುರುವಾಗದು. ಅದಕ್ಕೇ ಅಮುದಾ ಗೇಮ್ ಸೆಂಟರಿನ ಕೆಲಸಕ್ಕೆ ಸೇರಿ, ಅಣ್ಣನ ತಂಡದ ಮ್ಯಾನೇಜರ್ ಆದಳು.

"ಅಷ್ಟೊಂದು ದೊಡ್ಡ ಕ್ಲಬ್ ಬಿಟ್ಟು ಆ ಕೇರೀದ್ಯಾಕಮ್ಮಾ ಆರಿಸ್ಕೊಂಡೆ?" ಎಂದ ಮಾಲೀಕ ನಾಗಭೂಷಣ, ಬೆರಳಿಗಂಟಿದ ಬೋಂಡದ ಎಣ್ಣೆ ನೆಕ್ಕುತ್ತ. "ಹೋಗ್ಲಿ, ಆ ನನ್ಮಕ್ಳು ಸುಸ್ತಾದ್ರೂ ಬಾಯ್ಬಿಡಲ್ಲ. ಚೆನ್ನಾಗಿ ಓಡ್ಸು."

ಪರದೆಯಲ್ಲಿ ದೊರೈ ಗೆರೆ ದಾಟುವ ಮುನ್ನ ಬಗ್ಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಕೇರಿಯ ಮೈದಾನಕ್ಕೆ ಇಳಿಯುವಾಗ ದಿನವೂ ಮಾಡುತ್ತಿದ್ದುದು ಅದನ್ನೇ. ಈಗ ಮನೆಯಲ್ಲೂ ಅವನ ಕೈ ಚಾಪೆಯಾಚೆಯ ನೆಲವನ್ನು ತಡವುತ್ತಿರುತ್ತದೆ.

"ಥೂ, ಇದೊಂದು ದರಿದ್ರ! ಗಿರಾಕಿಗಳು ಬೈತಾರೆ. ಅಳಿಸಾಕು ಅದನ್ನ," ಎಂದು ನಾಗಭೂಷಣ ಜಿಡ್ಡುಬೆರಳನ್ನು ದೊರೈಯ ಮುಖದ ಮೇಲೆ ಒತ್ತಿದ.

ಅಮುದಾ ದುಪಟ್ಟಾದಿಂದ ಅಣ್ಣನ ಮುಖ ಒರೆಸಿ, ಕೈಕಟ್ಟಿ ಕೂತಳು.

"ಏನೇ ನೋಡ್ತೀಯ? ಒತ್ತು ಗುಂಡಿ!"

"ಒತ್ತಲ್ಲ. ಓಡಿಸ್ಲೇಬೇಕು ಅಂದ್ರೆ ನಿನ್ನ ಕಾಲು ಕೊಟ್ಟು ಓಡಿಸ್ಕೋ."